ಮ್ಯಾಕ್ ಕಂಪ್ಯೂಟರಿನ ಅಕ್ಷರ ರೂಪಿಸಿದ್ದು ಸ್ಟೀವ್ ಜಾಬ್ಸೇ?

ಕಾಲೇಜು ಬಿಟ್ಟ ಸ್ಟೀವ್ ಜಾಬ್ಸ್ ಕ್ಯಾಲಿಗ್ರಫಿ ತರಗತಿಗೆ ಹೋಗಿ ಕೂತರು, ಅಲ್ಲಿ ಕಲಿತದ್ದರಿಂದಲೇ ಮುಂದೆ ಮ್ಯಾಕ್ ಕಂಪ್ಯೂಟರಿನ ಚಂದದ ಅಕ್ಷರಗಳನ್ನು ತಾವೇ ರೂಪಿಸಿದರು ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಮೊದಲರ್ಧ ನಿಜ. ರೀಡ್ ಕಾಲೇಜಿನ ಆ ತರಗತಿಯ ಬಗ್ಗೆ ಜಾಬ್ಸ್ ಅವರೇ 2005ರ ಸ್ಟ್ಯಾನ್‌ಫರ್ಡ್ ಭಾಷಣದಲ್ಲಿ ಹೇಳಿದ್ದಾರೆ. ಆದರೆ 1984ರ ಮ್ಯಾಕ್‌ನ ಬಹುಪಾಲು ಅಕ್ಷರಗಳನ್ನು, ನಗುಮುಖದ ಕಂಪ್ಯೂಟರ್, ಬಾಂಬ್‌ನಂಥ ಪುಟ್ಟ ಚಿತ್ರಗಳನ್ನು ಬಿಡಿಸಿದ್ದು ಸೂಸನ್ ಕೇರ್ ಎಂಬ ಕಲಾವಿದೆ.

ಕೇರ್ ಅವರನ್ನು ಆಪಲ್‌ಗೆ ಕರೆದದ್ದೂ ಜಾಬ್ಸ್ ಅಲ್ಲ, ಹೈಸ್ಕೂಲ್ ಗೆಳೆಯ ಆ್ಯಂಡಿ ಹರ್ಟ್ಸ್‌ಫೆಲ್ಡ್. ಕಲೆಯಲ್ಲಿ ಪಿಎಚ್‌ಡಿ ಮಾಡಿದ್ದ ಕೇರ್‌ಗೆ ಕಂಪ್ಯೂಟರ್ ಹೊಸದು. ಗ್ರಾಫ್ ಪುಸ್ತಕ ಕೊಂಡು, ಉದ್ದ 32, ಅಗಲ 32 ಚೌಕಗಳ ಒಳಗೆ ಒಂದೊಂದು ಚೌಕ ತುಂಬಿ ಚಿತ್ರ ಮಾಡಿದರು. ಒಟ್ಟು 1024 ಚೌಕ, ಬಣ್ಣ ಕಪ್ಪು ಬಿಳುಪು ಎರಡೇ!

ಹಾಗಾದರೆ ಜಾಬ್ಸ್ ಮಾಡಿದ್ದೇನು? ಒಂದು ಕೂದಲೆಳೆ ಕಡಿಮೆಯಾದರೂ ಒಪ್ಪದ ಕಣ್ಣು ಅವರದು. ಕೇರ್ ಮತ್ತು ಹರ್ಟ್ಸ್‌ಫೆಲ್ಡ್ ಅಕ್ಷರಗಳಿಗೆ ಫಿಲಡೆಲ್ಫಿಯಾ ಬಳಿಯ ಲೋಕಲ್ ರೈಲು ನಿಲ್ದಾಣಗಳ ಹೆಸರಿಟ್ಟಿದ್ದರು. ಯಾರೂ ಕೇಳದ ಊರುಗಳೇಕೆ, ಜಗತ್ತಿನ ದೊಡ್ಡ ನಗರಗಳ ಹೆಸರಿಡಿ ಎಂದರು ಜಾಬ್ಸ್. ಶಿಕಾಗೊ, ಜಿನೀವಾ ಹುಟ್ಟಿದ್ದು ಹಾಗೆ. ಮೆನುವಿನ ತುಂಬ ಕಂಪನಿಯ ಸೇಬಿನ ಗುರುತು ಕಂಡಾಗಲೂ ತೆಗೆಯಿರಿ ಎಂದರು. ಬದಲಿಗೆ ಏನು ಹಾಕಬೇಕೆಂದು ಹೇಳಲಿಲ್ಲ. ಕೇರ್ ಚಿಹ್ನೆಗಳ ನಿಘಂಟು ತಿರುವಿ, ಸ್ವೀಡನ್‌ನಲ್ಲಿ ಪ್ರೇಕ್ಷಣೀಯ ಸ್ಥಳಗಳಿಗೆ ಬಳಸುವ ನಾಲ್ಕು ಕುಣಿಕೆಯ ಗುರುತನ್ನು ಹುಡುಕಿದರು. ಮ್ಯಾಕ್ ಕೀಬೋರ್ಡಿನ ಕಮಾಂಡ್ ಕೀಲಿಯ ಮೇಲೆ ಇವತ್ತಿಗೂ ಇರುವುದು ಅದೇ.

ನಮ್ಮ ಪ್ರಕಾರ ದಾರ್ಶನಿಕ ಎನಿಸಿಕೊಂಡವರ ಪ್ರಭಾವ ಹೆಚ್ಚಾಗಿ ಇಂಥದ್ದು: ಬೇಡ ಎನ್ನುವುದು, ಇನ್ನೂ ಚೆನ್ನಾಗಿ ಬೇಕು ಎನ್ನುವುದು. ಅದು ಸಣ್ಣದೇನಲ್ಲ. ಆಪಲ್ ಬಿಟ್ಟ ಜಾಬ್ಸ್ ನೆಕ್ಸ್ಟ್ ಕಂಪನಿ ಕಟ್ಟಿದಾಗ ಕೇರ್ ಅಲ್ಲಿಗೂ ಹೋದರು. ಆದರೆ ಅವರ ವೃತ್ತಿ ಜಾಬ್ಸ್ ನೆರಳಿನಲ್ಲೇ ಉಳಿಯಲಿಲ್ಲ. 1990ರ ವಿಂಡೋಸ್ 3.0ರ ಐಕಾನ್‌ಗಳು, ಆಫೀಸುಗಳಲ್ಲಿ ಎಷ್ಟೋ ಮಂದಿಯ ಮಧ್ಯಾಹ್ನ ನುಂಗಿದ ಸಾಲಿಟೇರ್ ಇಸ್ಪೀಟ್ ಎಲೆಗಳು ಕೂಡ ಅವರ ಕೈಕೆಲಸವೇ. ಗ್ರಾಫ್ ಪುಸ್ತಕದ ಆ ಹಾಳೆಗಳು ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿವೆ.