ಎಲೆ ಹಿಡಿದವರ ಪರವಾಗಿ ಎರಡು ಮಾತು

ಶಿರೋನಾಮೆಯನ್ನು ನೋಡಿ ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ. ನಮ್ಮ ಕಡೆ ಎಲೆ ಹಿಡಿದವನೆಂದರೆ ಮನೆ ಹಾಳುಮಾಡಿದವನೆಂದೇ ಅರ್ಥ. ಅದು ಬರಿಯ ಅಪವಾದವೆಂದು ನಾನು ವಾದಿಸಲಾರೆ. ಅಂದರ್ ಬಾಹರ್‌ನಲ್ಲಿ ಎತ್ತು ಕಳೆದುಕೊಂಡವರನ್ನು ನಮ್ಮೂರು ಕಂಡಿದೆ. ಈಚೆಗೆ ಫೋನಿನ ರಮ್ಮಿಗಾಗಿ ಸಾಲದಲ್ಲಿ ಮುಳುಗಿದವರನ್ನೂ ಕಂಡಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿದಾಗ ನಮ್ಮ ತಂದೆಯವರಿಗೆ ಸಂತೋಷವಾಯಿತು, ನನಗೂ ಆಯಿತು. ಆದರೆ ಕೆಟ್ಟ ಆಟದ ಮೇಲಿನ ಸಿಟ್ಟಿನಲ್ಲಿ ಒಳ್ಳೆಯ ಆಟವನ್ನೂ ಕಸದ ಬುಟ್ಟಿಗೆ ಎಸೆಯುವುದು ನ್ಯಾಯವಲ್ಲವೆಂಬುದು ನನ್ನ ಮತ. ನಾನು ಹೇಳಹೊರಟಿರುವುದು ಬ್ರಿಜ್ ಎಂಬ ಆಟದ ವಿಷಯ.

ಇದರಲ್ಲಿ ನಾಲ್ವರು; ಎದುರುಬದುರು ಕುಳಿತ ಇಬ್ಬಿಬ್ಬರು ಜೊತೆಗಾರರು. ಒಬ್ಬೊಬ್ಬರಿಗೆ ಹದಿಮೂರು ಎಲೆ. ಮೊದಲು ಹರಾಜು, ಅನಂತರ ಆಟ. ಈಗಿನ ಅಂಕಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತನು 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ರೂಪಿಸಿದನು. ಶ್ರೀಮಂತನ ಹಡಗಿನಲ್ಲಿ ಹುಟ್ಟಿದ್ದರಿಂದಲೋ ಏನೋ, ಬಹುಕಾಲ ಅದು ಕ್ಲಬ್ಬುಗಳ ಬಾಗಿಲೊಳಗೇ ಉಳಿಯಿತು. ಆದರೂ 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟ ಸೇರಿದಾಗ, ಪುರುಷರ ಜೋಡಿ ಸ್ಪರ್ಧೆಯ ಚಿನ್ನವನ್ನು ನಮ್ಮ ದೇಶದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ತಂದರು. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಓಟದಲ್ಲಿ ಇದು ಸಾಧ್ಯವೇ?

ನನಗೆ ಇದನ್ನು ಕಲಿಸಿದವರು ನಮ್ಮ ಹಾಸ್ಟೆಲಿನ ಬೀದಿಯಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು. ಮೊದಲ ವರ್ಷ ನಾವು ನಾಲ್ವರು ಅವರ ಜಗುಲಿಯಲ್ಲಿ ಕಲಿತೆವು. ಒಬ್ಬ ಓದು ಬಿಟ್ಟು ಕೆಲಸಕ್ಕೆ ಹೋದ; ಇನ್ನೊಬ್ಬನಿಗೆ ಮದುವೆಯ ಗೊತ್ತಾಯಿತು; ಮೇಷ್ಟರು ಮಗಳ ಊರಿಗೆ ಹೋದರು. ನಾಲ್ವರಿಲ್ಲದೆ ಬ್ರಿಜ್ ಇಲ್ಲ. ಎರಡು ವರ್ಷ ಎಲೆ ಮುಟ್ಟಲಿಲ್ಲ. ಈ ವರ್ಷ ಫೋನಿನ ಮೂಲಕ ಮತ್ತೆ ಆಡತೊಡಗಿದೆ. ಬ್ರಿಜ್ ಬೇಸ್ ಆನ್‌ಲೈನ್ ಎಂಬ ತಾಣದಲ್ಲಿ ಕಾಸಿಲ್ಲದೆ ಆಡಬಹುದು. ಅಲ್ಲಿ ನನ್ನ ಜೊತೆಗಾರ ಯಾವ ದೇಶದವನೋ ನಾನರಿಯೆ. ನಾನು ಯಾರ ಮಗನೆಂದು ಅವನೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಾಲ್ಕು ಜನ ತಿಳಿದವರ ನಡುವೆ ಕುಳಿತು ಬಾಯಿ ತೆರೆಯಲು ನನ್ನಂಥವರಿಗೆ ಎಷ್ಟು ಅಳುಕೆಂಬುದು, ಇಂಗ್ಲಿಷ್ ಸಂದರ್ಶನಕ್ಕೆ ಹೋಗಿ ಬೆವೆತು ಬಂದವರಿಗೆ ಗೊತ್ತು.

ಬ್ರಿಜ್ಜಿನ ಹರಾಜಿನಲ್ಲಿ ಆ ಅಳುಕಿಗೆ ಎಡೆಯಿಲ್ಲ. ಅದರಲ್ಲಿ ಇರುವುದೇ 38 ಮಾತು. ಒಂದರಿಂದ ಏಳರವರೆಗೆ ಕಳಾವರ, ಡೈಮನ್, ಆಟೀನು, ಇಸ್ಪೀಟು ಮತ್ತು ತುರುಪಿಲ್ಲದ ಆಟ—ಹೀಗೆ 35 ಕೂಗುಗಳು; ಜೊತೆಗೆ ಪಾಸ್, ಡಬಲ್, ರೀಡಬಲ್. ಈ 38 ಮಾತುಗಳಲ್ಲಿ ನನ್ನ ಹದಿಮೂರು ಎಲೆಗಳ ಕತೆಯನ್ನು ಎದುರಿನವನಿಗೆ ಹೇಳಬೇಕು. ಹುಬ್ಬು ಕುಣಿಸುವಂತಿಲ್ಲ, ಕೆಮ್ಮುವಂತಿಲ್ಲ. ಹೇಳಿದ್ದರ ಅರ್ಥವೇನೆಂದು ಎದುರಾಳಿಗಳು ಕೇಳಿದರೆ ಮುಚ್ಚಿಡುವಂತೆಯೂ ಇಲ್ಲ. ಗುಟ್ಟಿಲ್ಲದ ಭಾಷೆ! ರಾಜಕಾರಣಿಗಳು ಕಲಿಯಬಾರದೇ ಎನಿಸುತ್ತದೆ, ಇರಲಿ.

ಮರಳಿ ಬಂದವನನ್ನು ಕಾಡುವುದೂ ಈ ಭಾಷೆಯೇ. ಒಂದು ಕೈಯನ್ನು ನೋಡಿ: ಇಸ್ಪೀಟಿನಲ್ಲಿ ಏಳು, ನಾಲ್ಕು; ಆಟೀನಿನಲ್ಲಿ ರಾಜ, ಗುಲಾಮ, ಎಂಟು, ನಾಲ್ಕು; ಡೈಮನ್ನಿನಲ್ಲಿ ಎಕ್ಕ, ಒಂಬತ್ತು, ಆರು; ಕಳಾವರದಲ್ಲಿ ರಾಣಿ, ಎಂಟು, ಏಳು, ಮೂರು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕದಂತೆ ಹತ್ತು ಅಂಕ. ಜೊತೆಗಾರ 1 ಆಟೀನು ಎಂದ. ಬಲಗಡೆಯವನು 1 ಇಸ್ಪೀಟು ಎಂದ. ನಾನು 3 ಆಟೀನು. ಎಡಗಡೆಯಿಂದ 3 ಇಸ್ಪೀಟು. ಜೊತೆಗಾರ 4 ಆಟೀನು. ಬಲಗಡೆಯಿಂದ 4 ಇಸ್ಪೀಟು. ಈಗ ನನ್ನ ಸರದಿ. ಐದಕ್ಕೆ ಏರಬೇಕೆ, ಡಬಲ್ ಎನ್ನಬೇಕೆ, ಸುಮ್ಮನಿರಬೇಕೆ?

ರಕ್ತ ಬಿಸಿಯಿದ್ದವನ ನಾಲಿಗೆ ಐದರ ಕಡೆಗೇ ಹರಿಯುತ್ತದೆ. ಆದರೆ ಫ್ರಾನ್ಸಿನ ಜಾನ್ ರೆನೆ ವೆರ್ನ್ ಎಂಬವರು 1969ರಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ಲೆಕ್ಕವನ್ನು ಮುಂದಿಟ್ಟರು: ಇಬ್ಬರ ತುರುಪೆಲೆಗಳನ್ನು ಕೂಡಿಸಿದರೆ ಎಷ್ಟೋ, ಎರಡೂ ಪಕ್ಷಗಳು ತಂತಮ್ಮ ತುರುಪಿನಲ್ಲಿ ಗೆಲ್ಲುವ ಟ್ರಿಕ್ಕುಗಳೂ ಸುಮಾರಾಗಿ ಅಷ್ಟೇ. ನಮಗೆ ಆಟೀನು ಒಂಬತ್ತು, ಅವರಿಗೆ ಇಸ್ಪೀಟು ಒಂಬತ್ತು ಎಂದಿಟ್ಟುಕೊಳ್ಳಿ, ಒಟ್ಟು ಹದಿನೆಂಟು. ಅವರು ಹತ್ತು ಗೆದ್ದು ಆಟ ಪೂರೈಸುವುದಾದರೆ ನಮಗೆ ಎಂಟೇ. ಆಗ 5 ಆಟೀನು ಕೂಗಿ ಡಬಲ್ ಆದರೆ ಮೂರು ಕಡಿಮೆಯಾಗಿ, ನಷ್ಟದ ದರ ಹಗುರವಾಗಿರುವ ಕೈಯಲ್ಲಿಯೂ 500 ತೆರಬೇಕು. ಅವರನ್ನು ಆಡಲು ಬಿಟ್ಟಿದ್ದರೆ ಅವರಿಗೆ ಸಿಗುತ್ತಿದ್ದುದು 420. ನಾವು ಹತ್ತು ಗೆಲ್ಲುವುದಾದರೆ ಅವರಿಗೆ ಎಂಟು. ಅವರೇ ಎರಡು ಕಡಿಮೆ ಬೀಳುತ್ತಾರೆ, ನಾವು ಐದಕ್ಕೆ ಏರಿ ಒಂದು ಕಡಿಮೆ ಬೀಳುವುದೇಕೆ? ಲೆಕ್ಕ ಪ್ರತಿಸಲವೂ ಕರಾರುವಾಕ್ಕಾಗಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೂ ಹಟಕ್ಕೊಂದು ಕಡಿವಾಣವಾಗಿ ಅದು ಸಾಕು. ನಾನು ಪಾಸ್ ಎಂದೆ. ನನ್ನ ಕತೆಯನ್ನು ಮೂರರಲ್ಲಿಯೇ ಹೇಳಿಯಾಗಿತ್ತು; ಮತ್ತೆ ಮಾತಾಡಲು ಜೊತೆಗಾರನಿಗೆ ಸರದಿ ಇನ್ನೂ ಉಳಿದಿತ್ತು.

ನಿಜವಾದ ತೊಡಕು ಬೇರೆ. ನನ್ನ 3 ಆಟೀನನ್ನು ಆ ಅಪರಿಚಿತನು ಹೇಗೆ ತಿಳಿದನು? ಮೇಷ್ಟರು ಕಲಿಸಿದ ಪ್ರಕಾರ ಅದರರ್ಥ, ಹತ್ತು ಹನ್ನೊಂದು ಅಂಕವಿದೆ, ನಿನ್ನಲ್ಲಿ ಸ್ವಲ್ಪ ಹೆಚ್ಚಿದ್ದರೆ ನಾಲ್ಕಕ್ಕೆ ಹೋಗು ಎಂದು. ಈಗಿನ ಅನೇಕರಿಗೆ ಅದೇ ಕೂಗು ದುರ್ಬಲ ಕೈಯ ಗುರುತು: ಎದುರಾಳಿಗಳ ದಾರಿಗೆ ಅಡ್ಡ ಹಾಕುವುದಷ್ಟೇ, ಬಲವಿದ್ದರೆ ಎದುರಾಳಿಯ ಬಣ್ಣವನ್ನೇ, ಅಂದರೆ 2 ಇಸ್ಪೀಟು, ಕೂಗಬೇಕು. ಒಂದೇ ಮಾತು, ಎರಡು ಅರ್ಥ. ಆದುದರಿಂದ ಮರಳಿ ಆಡಬಯಸುವವರು ಹೊಸ ಹೊಸ ಪದ್ಧತಿಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು, ಕುಳಿತೊಡನೆ ಜೊತೆಗಾರನೊಡನೆ ಇಂಥ ನಾಲ್ಕೈದು ಕೂಗುಗಳನ್ನು ಮಾತಾಡಿಕೊಳ್ಳುವುದು ಮೇಲು. ಒಂದು ಕೈ ಕೆಟ್ಟೊಡನೆ ಹೇಳದೆ ಕೇಳದೆ ಎದ್ದುಹೋಗುವವರೂ ಅಲ್ಲಿದ್ದಾರೆ. ಅದು ಅಸಭ್ಯತೆ. ಮೇಷ್ಟರ ಜಗುಲಿಯಲ್ಲಿ ಹಾಗೆ ಎದ್ದಿದ್ದರೆ ಮರುದಿನ ಕಾಫಿ ಸಿಗುತ್ತಿರಲಿಲ್ಲ!

ತೆರೆಯ ಮರೆಯಲ್ಲಿ ಮೋಸಕ್ಕೂ ಅವಕಾಶವುಂಟು. 2020ರಲ್ಲಿ, ಸಾಂಕ್ರಾಮಿಕದ ಕಾರಣ ಪಂದ್ಯಗಳೆಲ್ಲ ಆನ್‌ಲೈನಿಗೆ ಬಂದಾಗ, ವಿಶ್ವಮಟ್ಟದ ಆಟಗಾರನೊಬ್ಬ ಪ್ರೇಕ್ಷಕನ ವೇಷದಲ್ಲಿ ನಾಲ್ಕು ಕೈಗಳನ್ನೂ ನೋಡಿ ಆಡಿದ್ದನ್ನು ತಾನೇ ಒಪ್ಪಿಕೊಂಡನು. ಹಾಗೆಂದು ಆಟವನ್ನು ದೂರಿದರೆ, ನಕಲು ಮಾಡುವವರಿದ್ದಾರೆಂದು ಪರೀಕ್ಷೆಯನ್ನೇ ದೂರಿದಂತಾದೀತು.

ನಮ್ಮ ತಂದೆಯವರಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ರಮ್ಮಿಯ ಮೊಕದ್ದಮೆಯೊಂದರಲ್ಲಿ 1967ರಲ್ಲಿಯೇ ಸುಪ್ರೀಂ ಕೋರ್ಟು ಬ್ರಿಜ್ಜಿನ ಹೆಸರೆತ್ತಿ ಜಾಣ್ಮೆಯ ಆಟದ ಮಾತಾಡಿದೆಯೆಂದು ಹೇಳಿದೆ. "ಕೋರ್ಟಿನವರಿಗೆ ಎತ್ತು ಇರಲಿಲ್ಲ ಬಿಡೋ" ಎಂದರು. ಅವರ ಮಾತಿನಲ್ಲಿ ತಥ್ಯವಿದೆ: ಹಣ ಹೂಡಿದ ಕ್ಷಣ ಜಾಣ್ಮೆಯ ಆಟವೂ ಮನೆಗೆ ಮಾರಿಯಾಗಬಲ್ಲದು. ಅದಕ್ಕೇ ನನ್ನ ಸೂಚನೆ ಇದು: ನಮ್ಮ ಕಾಲೇಜಿನ ಕಾಮನ್ ರೂಮಿನಲ್ಲಿ ಕೇರಂ ಇದೆ, ಚದುರಂಗವಿದೆ. ಅಲ್ಲಿಯೇ, ಅಧ್ಯಾಪಕರ ಕಣ್ಣೆದುರಿಗೆ, ಕಾಸಿನ ಸೋಂಕಿಲ್ಲದಂತೆ ಒಂದು ಬ್ರಿಜ್ ಮೇಜನ್ನೂ ಹಾಕಿಸಬೇಕು. ಬೇಕಾದುದು ನಾಲ್ಕು ಕುರ್ಚಿ, ಎರಡು ಕಟ್ಟು ಎಲೆ. ಮುಂದಿನ ಜೂನಿನಲ್ಲಿ ನಾನಿಲ್ಲಿರುವುದಿಲ್ಲ. ಅದಕ್ಕೆ ಮುಂಚೆ, ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ, ಕಲಿಯಬೇಕೆನ್ನುವವರಿಗೆ ಹೇಳಿಕೊಡಲು ಸಿದ್ಧನಿದ್ದೇನೆ. ಮೂವರು ಬಂದರೆ ಆಟ ಶುರು.