ಡಕೋಟಾ: ಯುದ್ಧಕ್ಕೂ ಅಂಚೆಗೂ ಒಂದೇ ವಿಮಾನ

ವಿಮಾನಗಳ ಚರಿತ್ರೆ ಎಂದೊಡನೆ ಬಾಂಬು ಹಾಕುವ, ಗುಂಡು ಹಾರಿಸುವ ಯುದ್ಧವಿಮಾನಗಳೇ ನಮ್ಮ ಕಣ್ಣಮುಂದೆ ಬರುತ್ತವೆ. ಸಿಪಾಯಿಯನ್ನೂ ಹಿಟ್ಟಿನ ಮೂಟೆಯನ್ನೂ ಗಾಯಾಳುವನ್ನೂ ಹೊತ್ತು ತಿರುಗಿದ ಸಾಗಣೆ ವಿಮಾನವಾಗಲಿ, ಅದನ್ನು ನಡೆಸಿದ ಪೈಲಟ್ ಆಗಲಿ ನೆನಪಾಗುವುದು ಕಡಿಮೆ. ಆದರೆ 1947-48ರ ಕಾಶ್ಮೀರ ಯುದ್ಧವನ್ನು ತಿಳಿಯಬೇಕಾದರೆ ಡಕೋಟಾ ಎಂಬ ಸಾಗಣೆ ವಿಮಾನದಿಂದಲೇ ಶುರು ಮಾಡಬೇಕು.

ಡಕೋಟಾ ಹುಟ್ಟಿದ್ದು ಯುದ್ಧಕ್ಕಾಗಿ ಅಲ್ಲ. ಅಮೆರಿಕದ ಡಗ್ಲಾಸ್ ಕಂಪನಿ ಇದನ್ನು ಪ್ರಯಾಣಿಕರಿಗಾಗಿ ಕಟ್ಟಿತು. ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು, ರೈಟ್ ಸಹೋದರರು ಹಾರಿದ 32 ವರ್ಷಗಳ ನಂತರ, ಅದೇ ತಾರೀಖಿನಂದು. ಎರಡನೇ ಮಹಾಯುದ್ಧ ಬಂದಾಗ ನೆಲವನ್ನು ಗಟ್ಟಿಮಾಡಿ, ಪಕ್ಕಕ್ಕೆ ದೊಡ್ಡ ಬಾಗಿಲಿಟ್ಟು ಅದನ್ನೇ ಸೇನೆಗೆ ಕೊಟ್ಟರು. ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದವು ಅಗ್ಗಕ್ಕೆ ಮಾರಾಟವಾದವು. ಭಾರತದ ಹೊಸ ವಿಮಾನಯಾನ ಕಂಪನಿಗಳು ಕೊಂಡುಕೊಂಡವು. ಇಂಥ ಸೇನಾ ಡಕೋಟಾಗಳನ್ನು ದುರಸ್ತಿ ಮಾಡಿ, ಸೀಟು ಹಾಕಿ, ಮತ್ತೆ ಪ್ರಯಾಣಿಕರ ವಿಮಾನವಾಗಿಸುವ ಕೆಲಸ ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಡೆಯಿತು.

ಅಷ್ಟರಲ್ಲಿ ಕಾಶ್ಮೀರದಲ್ಲಿ ಮತ್ತೆ ಯುದ್ಧ. 1947ರ ಅಕ್ಟೋಬರ್ 27ರ ಬೆಳಗ್ಗೆ ಲೆಫ್ಟಿನೆಂಟ್ ಕರ್ನಲ್ ರಂಜಿತ್ ರಾಯ್ ಅವರ ಸಿಖ್ ಪಡೆಯನ್ನು ದೆಹಲಿಯಿಂದ ಶ್ರೀನಗರಕ್ಕೆ ಒಯ್ದದ್ದು ಡಕೋಟಾಗಳು. ವಾಯುಪಡೆಯ ಬಳಿ ಇದ್ದವು ಸಾಲದೆ ಖಾಸಗಿ ಕಂಪನಿಗಳ ವಿಮಾನಗಳನ್ನೂ ಕರೆಸಿಕೊಂಡರು. ನಿನ್ನೆಯವರೆಗೆ ಟಿಕೆಟ್ ಕೊಂಡವರನ್ನು ಕೂರಿಸಿಕೊಂಡು ಹೋಗುತ್ತಿದ್ದ ಪೈಲಟ್ ಇಂದು ಬಂದೂಕು ಹಿಡಿದವರನ್ನು ಇಳಿಸಿ, ಬರುವಾಗ ನಿರಾಶ್ರಿತರನ್ನು ಕರೆತಂದ. ಅವನ ಕೈಯಲ್ಲಿ ಆಯುಧವಿರಲಿಲ್ಲ. ಹಾಗೆಂದು ಅವನ ಧೈರ್ಯವನ್ನು ಎರಡನೇ ದರ್ಜೆಯದೆಂದು ಎಣಿಸುವುದು ತಪ್ಪು.

ಆ ಧೈರ್ಯದ ಅಳತೆ ತಿಳಿಯಬೇಕಾದರೆ ಲಡಾಖಿನ ಲೇಹ್ ನೋಡಬೇಕು. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೂ ಕೆಳಗೂ ಹರಿಯುವ ಗಾಳಿ. ಲೇಹ್ ವಿಮಾನ ನಿಲ್ದಾಣದ ಎತ್ತರ ಸುಮಾರು 10,700 ಅಡಿ. ಅಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ. ಗಾಳಿ ತೆಳುವಾದರೆ ಅದೇ ಭಾರ ಎತ್ತಲು ಹೆಚ್ಚು ವೇಗ ಬೇಕು, ವೇಗ ಹೆಚ್ಚಿದರೆ ಹೆಚ್ಚು ಉದ್ದದ ರನ್‌ವೇ ಬೇಕು. ತೆಳುಗಾಳಿಯಲ್ಲಿ ಎಂಜಿನ್ನಿಗೂ ಉಸಿರು ಕಟ್ಟುತ್ತದೆ. ಅಲ್ಲಿಗೆ ಹೋಗಲು ದಾಟಬೇಕಾದ ಬೆಟ್ಟಗಳು ಇನ್ನೂ ಎತ್ತರ. ಡಕೋಟಾದ ಒಳಗೆ ಇಂದಿನ ವಿಮಾನಗಳಂತೆ ಗಾಳಿಯ ಒತ್ತಡ ಕಾಯುವ ಏರ್ಪಾಡು ಇರಲಿಲ್ಲ. ಹೊರಗಿನ ತೆಳುಗಾಳಿಯೇ ಒಳಗೂ.

ಇಳಿಯಲು ಆಗ ಅಲ್ಲಿ ಸಿದ್ಧ ನಿಲ್ದಾಣವೂ ಇರಲಿಲ್ಲ. ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ನೋರ್ಬು ಸ್ಥಳೀಯರನ್ನು ಕೂಡಿಸಿಕೊಂಡು ನೆಲ ಹದಮಾಡಿ ಒಂದು ಪಟ್ಟಿ ಸಿದ್ಧಮಾಡಿದರು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಆ ಮಣ್ಣಿನ ಮೇಲೆ ಡಕೋಟಾ ಇಳಿಸಿದರು. ಕಾಶ್ಮೀರದಲ್ಲಿ ದಳಪತಿಯಾಗಿದ್ದ ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಆ ವಿಮಾನದಲ್ಲೇ ಕೂತಿದ್ದರು. ಅಪಾಯವನ್ನು ಪೈಲಟ್ಟಿನ ಪಾಲಿಗೇ ಬಿಡದೆ ದಂಡನಾಯಕ ತಾನೂ ಹಂಚಿಕೊಂಡದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಆಮೇಲೆ ಅದೇ ದಾರಿಯಲ್ಲಿ ಗೂರ್ಖಾ ಸೈನಿಕರು ಬಂದಿಳಿದರು, ಲೇಹ್ ಶತ್ರುವಿನ ಕೈಗೆ ಬೀಳದೆ ಉಳಿಯಿತು. ಮೆಹರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಸಂದಿತು.

ಕಾಶ್ಮೀರದಲ್ಲಿ ಕದನವಿರಾಮ ಜಾರಿಗೆ ಬಂದದ್ದು 1949ರ ಜನವರಿ 1ರಂದು. ಅದೇ ತಿಂಗಳ ಕೊನೆಯಲ್ಲಿ ರಾತ್ರಿ ಅಂಚೆ ವಿಮಾನಗಳು ಶುರುವಾದವು. ದೆಹಲಿ, ಬೊಂಬಾಯಿ, ಕಲ್ಕತ್ತೆ, ಮದರಾಸುಗಳಿಂದ ಹೊರಟ ಡಕೋಟಾಗಳು ನಡುರಾತ್ರಿ ನಾಗಪುರದಲ್ಲಿ ಕೂಡಿ, ಅಂಚೆಚೀಲ ಬದಲಿಸಿಕೊಂಡು, ಬೆಳಗಾಗುವಷ್ಟರಲ್ಲಿ ತಮ್ಮ ತಮ್ಮ ಊರಿಗೆ ಮರಳುತ್ತಿದ್ದವು. ಯುದ್ಧದಲ್ಲಿ ಕಲಿತ ಸಾಗಣೆಯ ವಿದ್ಯೆ ಹೀಗೆ ಸಾಮಾನ್ಯರ ಕಾಗದಪತ್ರಗಳ ಕೆಲಸಕ್ಕೆ ಬಂತು.

ಇಂದು ಲೇಹ್‌ಗೆ ವಿಮಾನದಲ್ಲಿ ಹೋಗುವ ಕನ್ನಡಿಗರು ಬಹಳ. ಕಿಟಕಿಯಿಂದ ಹಿಮದ ಬೆಟ್ಟಗಳನ್ನು ನೋಡುವಾಗ ಮೆಹರ್ ಸಿಂಗ್ ಮತ್ತು ತಿಮ್ಮಯ್ಯನವರ ಜೊತೆಗೆ, ನೆಲ ಹದಮಾಡಿದ ಸೋನಮ್ ನೋರ್ಬು ಅವರನ್ನೂ ದಯವಿಟ್ಟು ನೆನೆಯಿರಿ.