ತಿಳೀಲಿಲ್ಲ ಅಂದ್ರ ಮಾತು ಶುರು ಆಗ್ತದ

"ಇಂಥಾವೆಲ್ಲ ಹಳ್ಳಿ ಮಂದಿಗೆ ತಿಳಿಯಂಗಿಲ್ಲ." ಈ ಮಾತನ್ನು ನಾವು ಬಹಳ ವರ್ಷದಿಂದ ಕೇಳುತ್ತ ಬಂದಿದ್ದೇವೆ. ಪೇಟೆಯವರಷ್ಟೇ ಅಲ್ಲ, ನಮ್ಮಲ್ಲೇ ನಾಲ್ಕು ಅಕ್ಷರ ಕಲಿತವರೂ ಹೇಳುತ್ತಾರೆ. ನಮಗೆ ಇದು ಸುಳ್ಳು ಅನ್ನಿಸುತ್ತದೆ. ಸುಳ್ಳು ಯಾಕೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇವೆ.

2025ರ ಆಗಸ್ಟ್ 29ಕ್ಕೆ ಜೀ5ನಲ್ಲಿ ‘ಶೋಧ’ ಅನ್ನೋ ಕನ್ನಡ ವೆಬ್ ಸರಣಿ ಬಂತು. ನಿರ್ದೇಶನ ಸುನಿಲ್ ಮೈಸೂರು ಅವರದು. ‘ಲೂಸಿಯಾ’ ಸಿನಿಮಾ ಮಾಡಿದ ಪವನ್ ಕುಮಾರ್ ಇದರಲ್ಲಿ ಮುಖ್ಯ ಪಾತ್ರ ಮಾಡಿದ್ದಾರೆ. ಕತೆಯ ಎಳೆ ಇಷ್ಟೇ: ಒಬ್ಬನ ಹೆಂಡತಿ ಕಾಣೆಯಾಗುತ್ತಾಳೆ. ಆಮೇಲೆ ಸಿಗುತ್ತಾಳೆ. ಆದರೆ ಗಂಡ ಮಾತ್ರ "ಈಕೆ ನನ್ನ ಹೆಂಡತಿ ಅಲ್ಲ" ಅನ್ನುತ್ತಾನೆ. ಮುಂದಿನದನ್ನು ನಾವು ಹೇಳುವುದಿಲ್ಲ, ನೋಡದವರು ಇದ್ದಾರೆ.

ಕೊಂಕಲ್ ಕಡೆ ಚಾದ ಅಂಗಡಿ ಕಟ್ಟೆಯ ಮೇಲೆ ಒಂದು ಫೋನಿಗೆ ನಾಲ್ಕು ತಲೆ ಬಗ್ಗುವುದು ಹೊಸದಲ್ಲ. ಒಬ್ಬನ ಕಡೆ ಜೀ5 ಇದ್ದರೆ ಸಾಕು, ಉಳಿದ ಮೂವರಿಗೆ ಪುಕ್ಕಟೆ. ಇಂಥ ಕತೆಯ ಮೊದಲ ಕಂತು ಮುಗಿದ ಕೂಡಲೇ ನಡೆಯುವ ಮಾತು ಹೆಚ್ಚು ಕಡಿಮೆ ಹೀಗಿರುತ್ತದೆ:

"ಅಕಿ ಅವನ ಹೆಂಡ್ತಿನೇ ಅದಾಳ. ಇವನ ತಲಿಗೆ ಪೆಟ್ಟು ಬಿದ್ದಿರಬೇಕು."

"ಇಲ್ಲೋ, ಅವಳಿ-ಜವಳಿ. ಬರದಿಟ್ಕೋ."

"ಕಾಕಾ, ಅವಳಿ-ಜವಳಿ ಎಲ್ಲಾ ನಿಮ್ಮ ಕಾಲದ ಸಿನಿಮಾದಾಗ. ಇದು ಆಸ್ತಿ ಸಲುವಾಗಿ ನಾಟಕ ನೋಡ್ರಿ."

"ಅಲ್ಲ, ಆಧಾರ್ ಕಾರ್ಡ್ ತೋರಿಸಿದ್ರ ಮುಗೀತಲ್ಲ?"

"ಆಧಾರ್‌ನಾಗಿನ ಫೋಟೋ ನೋಡಿ ನಿನ್ನ ನಿಮ್ಮವ್ವನೂ ಗುರ್ತು ಹಿಡಿಯಂಗಿಲ್ಲ, ಸುಮ್ಮನ ಕೂಡು."

ಚಾ ಸೋಸುವ ಅವ್ವ ಅಲ್ಲಿಂದಲೇ ಒಂದು ಎಸೆಯುತ್ತಾಳೆ: "ಗಂಡ ಗುರ್ತು ಹಿಡೀಲಿಲ್ಲ ಅಂದ್ರ ಹೆಂಡ್ತಿ ಬ್ಯಾರೆ ಆಗಬೇಕಂತೇನಿಲ್ಲ. ನಮ್ಮ ಮನ್ಯಾಗ ಮೂವತ್ತು ವರ್ಷಾತು, ಇನ್ನಾ ಗುರ್ತು ಹಿಡಿದಿಲ್ಲ."

ಎಲ್ಲರೂ ನಗುತ್ತಾರೆ. ಆದರೆ ಆ ಮಾತು ನಗೆಯಲ್ಲೇ ಮುಗಿಯುವಂಥದ್ದಲ್ಲ. ಒಬ್ಬ ಹೆಣ್ಣುಮಗಳು ಯಾರು ಅನ್ನುವುದನ್ನು ಗಂಡನ ಬಾಯಿಯೇ ತೀರ್ಮಾನಿಸಬೇಕಾ ಅನ್ನುವ ಪ್ರಶ್ನೆಯನ್ನು ಆಕೆ ಚಾ ಸೋಸುತ್ತ ಕೇಳಿಬಿಟ್ಟಳು. ಪೇಟೆಯ ವಿಮರ್ಶಕರು ಇದನ್ನೇ ಎರಡು ಪುಟ ಬರೆಯುತ್ತಾರೆ.

ಈ ಮಾತುಕತೆಯನ್ನು ಕೊಲ್ಲುವುದು ಬಹಳ ಸುಲಭ. ಒಬ್ಬ ಹುಡುಗ ಯೂಟ್ಯೂಬ್ ತೆಗೆದು "ಕ್ಲೈಮ್ಯಾಕ್ಸ್ ಅರ್ಥ ಹೇಳ್ಯಾರ ಇಲ್ಲಿ" ಅಂದರೆ ಸಾಕು. ಹತ್ತು ನಿಮಿಷದ ವಿಡಿಯೋ, ಹಿಂದೆ ಢಂ ಢಂ ಸಂಗೀತ, ಎಲ್ಲವೂ ಬಿಡಿಸಿ ಹೇಳಲಾಗಿದೆ. ಎಲ್ಲರೂ ತಿಳೀತು ತಿಳೀತು ಅಂತ ಎದ್ದು ಹೋಗುತ್ತಾರೆ. ತಿಳಿದದ್ದು ಏನು? ವಿಡಿಯೋ ಮಾಡಿದವನ ಊಹೆ. ಅದೂ ಒಂದು ಊಹೆಯೇ, ಕಾಕಾನ ಅವಳಿ-ಜವಳಿಯ ಹಾಗೆ. ಆದರೆ ಫೋನಿನೊಳಗಿಂದ ಬಂದದ್ದಕ್ಕೆ ತೂಕ ಜಾಸ್ತಿ, ಕಟ್ಟೆಯ ಮೇಲೆ ಕೂತವರ ಮಾತಿಗೆ ಕಡಿಮೆ. ನಮಗೆ ಸಿಟ್ಟು ಬರುವುದು ಇಲ್ಲಿಯೇ.

ಸಂಜೆ ಸೀರಿಯಲ್‌ಗಳನ್ನು ನೋಡಿ. ಸೊಸೆ ಫೋನಿನಲ್ಲಿ ಏನೋ ಹೇಳುತ್ತಾಳೆ, ಅತ್ತೆ ಬಾಗಿಲ ಮರೆಯಲ್ಲಿ ಕೇಳಿಸಿಕೊಳ್ಳುತ್ತಾಳೆ. ಅತ್ತೆಯ ಮುಖ ಮೂರು ಸಲ ಹತ್ತಿರದಿಂದ ತೋರಿಸುತ್ತಾರೆ, ಸಿಡಿಲು ಹೊಡೆದ ಶಬ್ದ. ಸಾಲದು ಅಂತ ಅತ್ತೆ ಮನಸ್ಸಿನಲ್ಲೇ "ಓಹೋ, ಇದಾ ವಿಷಯ" ಅಂತ ಜೋರಾಗಿ ಅಂದುಕೊಳ್ಳುತ್ತಾಳೆ. ಮರುದಿನ ಮತ್ತೆ ಅದೇ ದೃಶ್ಯದಿಂದ ಶುರು. ನೋಡುವವರು ರೊಟ್ಟಿ ಬಡಿಯುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಾರೆ, ಆದ್ದರಿಂದ ಹೀಗೆ ಮಾಡುತ್ತೇವೆ ಅಂತ ಅವರಿಗೊಂದು ಸಮಜಾಯಿಷಿಯೂ ಇದೆ. ಇರಲಿ. ಆದರೆ ವರ್ಷಗಟ್ಟಲೆ ಬರೀ ಅದನ್ನೇ ಕೊಟ್ಟು, ಆಮೇಲೆ "ಇವರಿಗೆ ಬೇರೆ ತಿಳಿಯುವುದಿಲ್ಲ" ಅಂದರೆ ಹೇಗೆ?

ತಿಳಿಯದ ಮಾತನ್ನು ನಡುವೆ ಇಟ್ಟುಕೊಂಡು ಕೂರುವುದು ನಮ್ಮ ಸೀಮೆಗೆ ಟಿ.ವಿ. ಬರುವುದಕ್ಕೂ ಮೊದಲೇ ಗೊತ್ತಿತ್ತು. ಹೂವಿನಹಡಗಲಿ ತಾಲೂಕಿನ ಮೈಲಾರದ ಕಾರಣಿಕ ನೆನಪಿಸಿಕೊಳ್ಳಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಗನ ಮರಡಿಯ ಮೇಲೆ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಎತ್ತರದ ಬಿಲ್ಲು ಏರಿ "ಸದ್ದಲೇ" ಅಂದ ಕೂಡಲೇ ಅಷ್ಟೂ ಜನ ಮೌನ. ಆತ ಒಂದೇ ಒಂದು ಒಗಟಿನಂಥ ಮಾತು ಹೇಳಿ ಮೇಲಿಂದ ಬೀಳುತ್ತಾನೆ. ಅಲ್ಲಿಂದ ಶುರು. ಮಳೆ ಚಲೋ ಆಗ್ತದ ಅಂತ ಒಬ್ಬ, ಸರ್ಕಾರ ಬೀಳ್ತದ ಅಂತ ಇನ್ನೊಬ್ಬ, ಜೋಳದ ರೇಟ್ ಏರ್ತದ ಅಂತ ಮತ್ತೊಬ್ಬ. ಒಂದು ವಾಕ್ಯಕ್ಕೆ ವರ್ಷವಿಡೀ ಮಾತು. ಅದು ನಿಜವಾಗುತ್ತದೋ ಇಲ್ಲವೋ ಅನ್ನುವುದು ಬೇರೆ ಚರ್ಚೆ. ನಾವು ಹೇಳುತ್ತಿರುವುದು ಅರ್ಥ ಹುಡುಕುವ ಆ ಅಭ್ಯಾಸದ ಬಗ್ಗೆ.

ಅಷ್ಟು ದೂರವೂ ಬೇಡ. ನಮ್ಮದೇ ಜಿಲ್ಲೆಯ ಹುಣಸಗಿ ತಾಲೂಕಿನ ಕೊಡೇಕಲ್‌ನಲ್ಲಿ ಬಸವಣ್ಣನ ಕಾಲಜ್ಞಾನ ಇದೆ. ಅದನ್ನು ಬರೆದಿಟ್ಟಿದ್ದು ಅಮರಗನ್ನಡ ಅನ್ನುವ ಗುಟ್ಟಿನ ಲಿಪಿಯಲ್ಲಿ. ಅಂದರೆ ಮಾತೂ ಒಗಟು, ಅಕ್ಷರವೂ ಒಗಟು. ಇನ್ನು ಅಲ್ಲಮಪ್ರಭುವಿನ ಬೆಡಗಿನ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ. ರಾತ್ರಿ ಭಜನೆಯಲ್ಲಿ ಏಕತಾರಿ ಹಿಡಿದು ಹಾಡುವವರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಂದು ಪದ ಹಾಡಿ ನಿಲ್ಲಿಸಿ, ಇದರ ಒಳಗಿನ ಅರ್ಥ ಏನು ಅಂತ ಬೆಳಗಿನ ಜಾವದವರೆಗೆ ವಾದ ಮಾಡುತ್ತಾರೆ. ಇಂಥವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಒಂದು ವಿಚಿತ್ರ ಕಂತು ತಿಳಿಯುವುದಿಲ್ಲವಂತೆ!

ಹೊರಗಿನ ಒಂದು ಉದಾಹರಣೆ ಇಲ್ಲಿ ಹೇಳಲೇಬೇಕು. 1990ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ‘ಟ್ವಿನ್ ಪೀಕ್ಸ್’ ಶುರುವಾಯಿತು. ಮಾಡಿದವರು ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್. ಒಂದು ಸಣ್ಣ ಊರು, ಲಾರಾ ಪಾಮರ್ ಅನ್ನುವ ಶಾಲೆಯ ಹುಡುಗಿಯ ಕೊಲೆ. ತನಿಖೆಗೆ ಬಂದ ಅಧಿಕಾರಿಗೆ ಕನಸಿನಲ್ಲಿ ಸುಳಿವು ಸಿಗುತ್ತದೆ: ಕೆಂಪು ಪರದೆಯ ಕೋಣೆ, ಉಲ್ಟಾ ಮಾತಾಡುವ ಕುಳ್ಳ ಮನುಷ್ಯ. ಜನಕ್ಕೆ ತಿಳಿಯಲಿಲ್ಲ, ಆದ್ದರಿಂದಲೇ ಬಿಡಲೂ ಆಗಲಿಲ್ಲ. ಕೊಂದವರು ಯಾರು ಅಂತ ದೇಶವೆಲ್ಲ ಮಾತು. ಕೊಲೆಗಾರನನ್ನು ಬೇಗ ತೋರಿಸಿ ಅಂತ ಚಾನೆಲ್‌ನವರ ಒತ್ತಡ. ಅದೇ ವರ್ಷದ ನವೆಂಬರ್‌ನಲ್ಲಿ ತೋರಿಸಿದರು. ಆಮೇಲೆ ನೋಡುವವರು ಕಡಿಮೆಯಾಗುತ್ತ ಹೋದರು, 1991ರ ಜೂನ್‌ಗೆ ಸರಣಿ ನಿಂತಿತು. ಚಿನ್ನದ ಮೊಟ್ಟೆ ಇಡುವ ಬಾತುಕೋಳಿಯನ್ನು ಕೊಂದ ಹಾಗಾಯಿತು ಅಂತ ಲಿಂಚ್ ಹೇಳುತ್ತಿದ್ದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2017ರಲ್ಲಿ ಅದೇ ಸರಣಿ 18 ಭಾಗವಾಗಿ ಮತ್ತೆ ಬಂತು. ಅದರ 8ನೇ ಭಾಗದಲ್ಲಿ ಬಹಳ ಹೊತ್ತು ಮಾತೇ ಇಲ್ಲ. 1945ರ ಜುಲೈ 16ರಂದು ಸಿಡಿಸಿದ ಮೊದಲ ಅಣುಬಾಂಬಿನ ಹೊಗೆಯೊಳಗೆ ಕ್ಯಾಮೆರಾ ನಿಧಾನವಾಗಿ ನುಗ್ಗುತ್ತದೆ, ಕಪ್ಪು-ಬಿಳುಪಿನಲ್ಲಿ. ಕೆಡುಕು ಹುಟ್ಟಿದ್ದು ಅಲ್ಲಿಂದ ಅಂತ ಕೆಲವರ ಊಹೆ, ಅದೆಲ್ಲ ಕನಸು ಅಂತ ಕೆಲವರದು. ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು. ಅರ್ಥ ಹೇಳಿ ಹೋಗಲಿಲ್ಲ. ವಾದ ಇನ್ನೂ ನಡೆದಿದೆ.

ಕನ್ನಡದಲ್ಲಿ ಇಂಥ ಧೈರ್ಯ ಮಾಡಿದವರು ಇಲ್ಲ ಅಂತಲ್ಲ. 1998ರಲ್ಲಿ ಉಪೇಂದ್ರ ‘ಎ’ ಮಾಡಿದಾಗ ಕತೆಯನ್ನು ಹಿಂದುಮುಂದಾಗಿ ಹೇಳಿದರು, ಪೋಸ್ಟರ್ ಮೇಲೆ "ಬುದ್ಧಿವಂತರಿಗೆ ಮಾತ್ರ" ಅಂತ ಹಾಕಿದರು. ಸಾಮಾನ್ಯ ಜನ ಹೆದರಿ ದೂರ ಉಳಿಯಲಿಲ್ಲ. ಬುದ್ಧಿವಂತರು ಅಂದರೆ ನಾವೇ ಅಂತ ಟಿಕೆಟ್ ತಗೊಂಡರು, ತಿಳಿಯದಿದ್ದವರು ಎರಡನೇ ಸಲ ಹೋದರು. ಅದೇ ಕನ್ನಡದಲ್ಲಿ ‘ಏಕಂ’ಗೆ ಏನಾಯಿತು ನೋಡಿ. ಕರಾವಳಿಯ ಏಳು ಕತೆಗಳು, ಹಿಂದೆ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ, ಪಾತ್ರಗಳಲ್ಲಿ ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥವರು. ಆದರೂ ಯಾವ ಓಟಿಟಿಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈ 13ಕ್ಕೆ ತಾವೇ ಒಂದು ವೆಬ್‌ಸೈಟ್ ಮಾಡಿ ಬಿಡಬೇಕಾಯಿತು. ನೋಡುವವರನ್ನು ಕೇಳುವ ಮೊದಲೇ ಕೊಳ್ಳುವವರು ಬೇಡ ಅಂದಿದ್ದರು.

ನಾವು ತಿಳಿಯದ್ದನ್ನೆಲ್ಲ ಹೊಗಳುವವರಲ್ಲ. ಕೆಲವರು ಹೊಗೆ ಬಿಟ್ಟು, ಗೊಂಬೆ ತೋರಿಸಿ, ಒಳಗೆ ಏನೂ ಇಡದೆ ನಿಗೂಢ ಅಂತ ಮಾರುತ್ತಾರೆ. ಪರೀಕ್ಷೆ ಕಟ್ಟೆಯ ಮೇಲೆಯೇ ಆಗುತ್ತದೆ. ವಾದ ಬಿಸಿಯಾದಾಗ "ಮತ್ತೊಮ್ಮೆ ಆ ಸೀನ್ ಹಚ್ಚು, ತೋರಸ್ತೀನಿ" ಅಂತ ಯಾರಾದರೂ ಅಂದರೆ ಅದರಲ್ಲಿ ಏನೋ ಇದೆ. "ಹೋಗ್ಲಿ ಬಿಡು, ಸುಮ್ಮನ ಹಂಗ ಮಾಡ್ಯಾರ" ಅಂದರೆ ಡಾಟಾ ದಂಡ.

ಆ "ತೋರಸ್ತೀನಿ" ಅನ್ನುವ ಮಾತು ನಮಗೆ ಬಹಳ ಮುಖ್ಯ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈ 13ರಂದು ನಡೆದದ್ದು ಮರೆಯುವಂಥದ್ದಲ್ಲ. ಹೈದರಾಬಾದ್‌ನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹಬ್ಬಿತು. ಗುಂಪು ಸೇರಿ ಹೊಡೆಯಿತು, ಒಬ್ಬ ಯುವ ಎಂಜಿನಿಯರ್ ಸತ್ತ. ಅಲ್ಲಿಯೂ ಇದ್ದದ್ದು ಒಂದು ಊಹೆಯೇ. ಆದರೆ "ಎಲ್ಲಿ ನೋಡಿದಿ, ತೋರಿಸು" ಅಂತ ಕೇಳುವವನ ಮಾತು ನಡೆಯಲಿಲ್ಲ.

ಇದನ್ನೇ ಹಿಡಿದು, ಊಹೆ ಮಾಡುವ ಚಾಳಿಯೇ ಕೆಟ್ಟದ್ದು ಅನ್ನುವವರಿದ್ದಾರೆ. ನಮ್ಮ ಅಭಿಪ್ರಾಯ ಉಲ್ಟಾ. ಕತೆಯ ಹೆಣ್ಣುಮಗಳ ಬಗ್ಗೆ ನಾಲ್ಕು ಊಹೆ ಎದುರಿಗಿಟ್ಟು, ಒಂದಕ್ಕೊಂದು ತಾಳೆ ಹಾಕಿ, ಗುರುತು ಕೇಳಿ, ಸೋತರೆ ನಕ್ಕು ಚಾ ಕುಡಿದು ಎದ್ದವನಿಗೆ ಒಂದೇ ಒಂದು ಫಾರ್ವರ್ಡ್ ಮೆಸೇಜು ಸಾಲುವುದಿಲ್ಲ. ಎರಡನೆಯದು ಏನಿರಬಹುದು ಅಂತ ಕೇಳುವ ರೂಢಿ ಅವನಿಗೆ ಆಗಿರುತ್ತದೆ. ಎಲ್ಲರಿಗೂ ಆಗುತ್ತದೆ ಅಂತ ಹೇಳುವುದಿಲ್ಲ. ಆದರೆ ಆ ರೂಢಿ ಕಲಿಸುವ ಜಾಗ ಅಂತ ಊರಿನಲ್ಲಿ ಬೇರೆ ಏನು ಉಳಿದಿದೆ?

ಹಾಗಾಗಿ ನಮ್ಮ ಕೇಳಿಕೆ ಎರಡು ಕಡೆಗೆ. ನೋಡುವವರು ಒಂದೇ ರಾತ್ರಿ ಎಲ್ಲ ಕಂತು ನುಂಗಬೇಡಿ. ಒಂದು ನೋಡಿ, ಫೋನ್ ಜೇಬಿಗಿಟ್ಟು, ಹೊಲದ ದಾರಿಯಲ್ಲೋ ಟಂಟಂನಲ್ಲೋ ಮಾತಾಡಿ. ಅರ್ಥ ಹೇಳುವ ವಿಡಿಯೋ ಎಲ್ಲಿಗೂ ಓಡಿಹೋಗುವುದಿಲ್ಲ, ಕೊನೆಗೆ ನೋಡಿದರಾಯಿತು. ಬೆಂಗಳೂರಿಗೆ ದುಡಿಯಲು ಹೋದ ತಮ್ಮನಿಗೆ ಫೋನ್ ಹಚ್ಚಿದಾಗ "ಊಟ ಆಯ್ತಾ" ಆದ ಮೇಲೆ ಏನು ಮಾತಾಡುವುದು ಅಂತ ತಡಕಾಡುವವರಿಗೂ ಇದು ಒಳ್ಳೆಯ ವಿಷಯ.

ಚಾನೆಲ್‌ನವರು ಒಮ್ಮೆ ನಮ್ಮ ಕಡೆ ಬನ್ನಿ. ನಿಗೂಢ ಕತೆಗೆ ಯಾವಾಗಲೂ ಮಲೆನಾಡಿನ ಮನೆ, ಕರಾವಳಿಯ ಮಳೆಯೇ ಆಗಬೇಕೆ? 2025ರ ‘ಅಯ್ಯನ ಮನೆ’ಯೂ ಮಲೆನಾಡಿನ ಮನೆಯದೇ. ಚೆನ್ನಾಗಿರಬಹುದು, ಆದರೆ ಶಹಾಪುರದಲ್ಲಿ ಬೆಟ್ಟವೇ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಸುರಪುರದಲ್ಲಿ ಸಿದ್ಧವಾದ ಕತೆಯೇ ಇದೆ. ರಾಜಾ ವೆಂಕಟಪ್ಪ ನಾಯಕ 24ನೇ ವರ್ಷ ದಾಟುವುದಿಲ್ಲ ಅಂತ ಜಾತಕದಲ್ಲಿ ಇತ್ತಂತೆ, ಅದನ್ನು ಗುಟ್ಟಾಗಿ ಇಟ್ಟಿದ್ದರಂತೆ. ಹಾಗಂತ ಮೆಡೋಸ್ ಟೇಲರ್ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕ ರಾಜನಿಗೆ ಮರಣದಂಡನೆ ತಪ್ಪಿತು, ಕೆಲವು ವರ್ಷ ಸೆರೆಮನೆ ಅಂತಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡ ಅಂತ ಟೇಲರ್. ಕೊಂದರು ಅಂತ ಸುರಪುರದ ಕಡೆಯವರು. ನಿಮ್ಮ ಕ್ಯಾಮೆರಾ ತನ್ನಿ, ಅರ್ಥ ಮಾತ್ರ ಹೇಳಬೇಡಿ. ಆ ಗುಂಡು ಹಾರಿಸಿದ ಕೈ ಯಾರದು ಅಂತ ನಾವೇ ವಾದ ಮಾಡಿಕೊಳ್ಳುತ್ತೇವೆ.